1999ರ 5 ರೂಪಾಯಿ ನಾಣ್ಯ: ಇಸವಿ ಜೋಡಿ, ಅಕ್ಷರ ಮಾಯ. ಇದು ಎರರ್ ಕಾಯಿನ್ನಾ?

ಪ್ರಶ್ನೆ:
ನಮಸ್ಕಾರ. ಅಜ್ಜಿಯ ಸಾಸಿವೆ ಡಬ್ಬಿಯಲ್ಲಿ ಹಳೆಯ ದಪ್ಪ 5 ರೂಪಾಯಿ ನಾಣ್ಯ ಸಿಕ್ಕಿತು. ಇಸವಿಯ 9ರ ಪಕ್ಕ ಇನ್ನೊಂದು ಗೆರೆ ಕಾಣುತ್ತದೆ. ಸಿಂಹಗಳ ಕೆಳಗಿನ ‘ಸತ್ಯಮೇವ ಜಯತೇ’ಯಲ್ಲಿ ‘ಸತ್ಯ’ ಬಿಟ್ಟರೆ ಉಳಿದದ್ದು ಇಲ್ಲ. ಇಸವಿಯ ಕೆಳಗೆ ಟಂಕಸಾಲೆಯ ಗುರುತೂ ಇಲ್ಲ. ಅಂಗಡಿಯವರೊಬ್ಬರು ‘ಡಬಲ್ ಡೈ, ಸಾವಿರಾರು ರೂಪಾಯಿ ಬಾಳುತ್ತೆ’ ಅಂದರು. ನಂಬಬಹುದಾ?

ಉತ್ತರ:
ಗುರುತಿನ ವಿಷಯ ಸುಲಭ. ಮುಂಬೈಗೆ ವಜ್ರ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಗೆ ದುಂಡು ಚುಕ್ಕೆ. ಕೋಲ್ಕತ್ತಾ ನಾಣ್ಯಕ್ಕೆ ಗುರುತೇ ಇರುವುದಿಲ್ಲ. ಅದು ತಪ್ಪಲ್ಲ.

ಇಸವಿಯನ್ನು ಭೂತಗನ್ನಡಿಯಲ್ಲಿ ನೋಡಿ. ಬೆಳಕು ಪಕ್ಕದಿಂದ ಬೀಳಲಿ. ಎರಡನೇ ಗೆರೆ ಮೆಟ್ಟಿಲಿನ ಹಾಗೆ ಚಪ್ಪಟೆಯಾಗಿ, ಹೊಳೆಯುತ್ತಾ, ಅಂಕಿಗಿಂತ ತಗ್ಗಿನಲ್ಲಿದೆಯಾ? ಇದ್ದರೆ ಡಬಲ್ ಡೈ ಅಲ್ಲ. ಹೊಡೆತ ಬಿದ್ದ ಮೇಲೆ ಸಡಿಲವಾದ ಅಚ್ಚು (ಅದೇ ಡೈ) ಸ್ವಲ್ಪ ಜರುಗಿ ಅಂಕಿಯ ಅಂಚನ್ನು ಒತ್ತಿಬಿಟ್ಟಿದೆ. ಆಗ ಮೂಲ ಅಂಕಿ ಸಣಕಲಾಗುತ್ತದೆ. ನಿಜವಾದ ಡಬಲ್ ಡೈಯಲ್ಲಿ ಅಚ್ಚಿನಲ್ಲೇ ಎರಡು ಸಲ ಕೆತ್ತನೆ ಮೂಡಿರುತ್ತದೆ. ಎರಡೂ ದುಂಡಗೆ ಉಬ್ಬಿರುತ್ತವೆ, ಅಂಕಿ ದಪ್ಪವಾಗುತ್ತದೆ, ಮೂಲೆಯಲ್ಲಿ ಸೀಳು ಕಾಣುತ್ತದೆ.

ಪ್ರಶ್ನೆ ಕೇಳಿದವರು:
ನೋಡಿದೆ ಸರ್. ಚಪ್ಪಟೆ ಮೆಟ್ಟಿಲೇ. 9ರ ಹೊಟ್ಟೆ ಸಣ್ಣಗಾಗಿದೆ. ಹಾಗಾದರೆ ಅಕ್ಷರಗಳನ್ನು ಯಾರಾದರೂ ಉಜ್ಜಿ ಅಳಿಸಿದ್ದಾರಾ?

ಉತ್ತರ:
ಹಾಗಾದರೆ ಇಸವಿಗೆ ಜಾಸ್ತಿ ಬೆಲೆ ಇಲ್ಲ. ಅಕ್ಷರದ ಕಥೆ ಬೇರೆ. ನಾಣ್ಯದಲ್ಲಿ ಉಬ್ಬಿರುವುದು ಅಚ್ಚಿನಲ್ಲಿ ಗುಂಡಿ, ಅಲ್ವಾ? ಆ ಗುಂಡಿಯಲ್ಲಿ ಗ್ರೀಸ್, ದೂಳು ಸೇರಿದರೆ ಲೋಹ ಒಳಗೆ ಹೋಗುವುದಿಲ್ಲ. ಅಕ್ಷರ ಮೂಡುವುದೇ ಇಲ್ಲ. ಉಜ್ಜಿದ್ದರೆ ಅಲ್ಲಿ ಗೀರು ಇರುತ್ತದೆ, ಸುತ್ತಲಿನ ಹೊಳಪೂ ಬೇರೆಯಾಗಿರುತ್ತದೆ. ಸವೆದು ಅಕ್ಷರ ಹೋಗಿದ್ದರೆ ಮೇಲಿನ ಸಿಂಹದ ಕೇಸರವೂ ಸವೆದಿರುತ್ತದೆ. ಅದು ಚೂಪಾಗಿದೆಯಾ, ನೋಡಿ ಹೇಳಿ. ಆ ನಾಣ್ಯ 9 ಗ್ರಾಂ ತೂಗಬೇಕು. ಅಕ್ಕಸಾಲಿಗರ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ.

ಪ್ರಶ್ನೆ ಕೇಳಿದವರು:
ಕೇಸರದ ಎಳೆ ಎಳೆ ಕಾಣುತ್ತದೆ. ಗೀರು ಇಲ್ಲ. ತೂಕ 8.9 ಬಂತು. ಹುಣಸೆಹಣ್ಣು ಹಾಕಿ ತೊಳೆದು ಚೆನ್ನಾಗಿ ಫೋಟೋ ತೆಗೆಯಲಾ?

ಉತ್ತರ:
ದಯವಿಟ್ಟು ತೊಳೆಯಬೇಡಿ! ಹುಳಿ ಬಿದ್ದರೆ ಮೇಲಿನ ಹೊಳಪು ಹೋಗುತ್ತದೆ, ಮತ್ತೆ ಬರುವುದಿಲ್ಲ. ಚಲಾವಣೆಯಲ್ಲಿ ಒಂಚೂರು ಸವೆದ ನಾಣ್ಯಕ್ಕೆ 8.9 ಸರಿಯಾದ ತೂಕ. ಇದು ಗ್ರೀಸ್ ತುಂಬಿದ ಅಚ್ಚಿನ ನಾಣ್ಯ, ಟಂಕಸಾಲೆಯಲ್ಲೇ ಆದ ತಪ್ಪು. ಇಂಥವು ಆಗಾಗ ಸಿಗುತ್ತವೆ, ಸಾವಿರಾರು ರೂಪಾಯಿ ಬರುವುದಿಲ್ಲ. ಆದರೆ ನನ್ನ ಕೈಗೆ ಸಿಕ್ಕಿದ್ದರೆ ಖಂಡಿತ ಇಟ್ಟುಕೊಳ್ಳುತ್ತಿದ್ದೆ. ಅಂಚನ್ನಷ್ಟೇ ಹಿಡಿದು ಕಾಗದದ ಹೋಲ್ಡರಿಗೆ ಹಾಕಿ, ಮೇಲೆ ‘1999, ಕೋಲ್ಕತ್ತಾ’ ಎಂದು ಬರೆದಿಡಿ.