ಸ್ವಂತ ಖರ್ಚಿನಲ್ಲಿ ಕಾದಂಬರಿ: ಎಷ್ಟು ಪ್ರತಿ, ಎಷ್ಟು ಬೆಲೆ, ಮಾರುವುದು ಹೇಗೆ?

ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ಸುಮಾರು 52,000 ಪದಗಳ ಕಾದಂಬರಿ ಸಿದ್ಧವಿದೆ. ಸ್ವಂತ ಪ್ರಕಾಶನದ ಹೆಸರಿನಲ್ಲೇ ತರಬೇಕೆಂದಿದೆ. ಪಠ್ಯ ಪೂರ್ತಿ ನುಡಿ ತಂತ್ರಾಂಶದಲ್ಲಿದೆ. ಮುದ್ರಣಕ್ಕೆ ಎರಡು ದರ ಬಂದಿವೆ. ಡಿಜಿಟಲ್‌ನಲ್ಲಿ 300 ಪ್ರತಿಗೆ ತಲಾ 110 ರೂ., ಆಫ್‌ಸೆಟ್‌ನಲ್ಲಿ (ಪ್ಲೇಟ್ ಮಾಡಿ ಅಚ್ಚು ಹಾಕುವ ಪದ್ಧತಿ) 1000 ಪ್ರತಿಗೆ ತಲಾ 65 ರೂ. ಮುಖಪುಟ, ಪುಟವಿನ್ಯಾಸ, ಕರಡು ತಿದ್ದುವುದು ಸೇರಿ ಬೇರೆ 24,000 ರೂ. ಬೆಲೆ 280 ಇಡಬಹುದು ಎನ್ನುತ್ತಿದ್ದಾರೆ.

ಎಷ್ಟು ಪ್ರತಿ ಹಾಕಿಸುವುದು ಸರಿ? ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಯಾವಾಗ ತೆಗೆದುಕೊಳ್ಳಬೇಕು? ಪ್ರಚಾರ ಎಲ್ಲಿಂದ ಶುರು ಮಾಡಬೇಕು? ಅನುಭವಸ್ಥರು ದಯವಿಟ್ಟು ಬಿಡಿಸಿ ಹೇಳಿ.

ಹದಿನಾರು ಪುಟ

ಪ್ರತಿಯ ಲೆಕ್ಕಕ್ಕೆ ಮೊದಲು ಪುಟದ ಲೆಕ್ಕ ಆಗಲಿ. ಡೆಮಿ 1/8, ಅಂದರೆ 5.5 × 8.5 ಇಂಚಿನ ಪುಟದಲ್ಲಿ 12 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಉಸಿರಾಡುವಷ್ಟು ಜಾಗ ಬಿಟ್ಟರೆ ಪುಟಕ್ಕೆ 240–250 ಪದ ಕೂರುತ್ತವೆ. ನಿಮ್ಮ ಪಠ್ಯ 210 ಪುಟದ ಆಸುಪಾಸು ಬರುತ್ತದೆ. ಆಫ್‌ಸೆಟ್‌ನಲ್ಲಿ ಒಂದು ಫಾರಂ ಎಂದರೆ 16 ಪುಟ. ಮುದ್ರಣ ವಿವರ, ಮುನ್ನುಡಿ, ಅರ್ಪಣೆ ಎಲ್ಲ ಸೇರಿಸಿ 224ಕ್ಕೆ ನಿಲ್ಲಿಸಿದರೆ ಸರಿಯಾಗಿ 14 ಫಾರಂ. 227 ಪುಟ ಆಯಿತೆಂದರೆ ಮೂರು ಪುಟಕ್ಕಾಗಿ ಇನ್ನೊಂದು ಅರ್ಧ ಫಾರಂ ಕಟ್ಟಬೇಕು, ಉಳಿದ ಪುಟ ಖಾಲಿ ಹೋಗುತ್ತವೆ. ಅಕ್ಷರ ಚಿಕ್ಕದು ಮಾಡಿ ಪುಟ ಉಳಿಸಲು ಹೋಗಬೇಡಿ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲು ಇಕ್ಕಟ್ಟಾದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಓದುಗ ಹತ್ತು ಪುಟಕ್ಕೇ ದಣಿಯುತ್ತಾನೆ.

ಕಾಗದ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ಎನ್.ಎಸ್. (ನ್ಯಾಚುರಲ್ ಶೇಡ್) ಮ್ಯಾಪ್‌ಲಿತೋ, ರಕ್ಷಾಪುಟಕ್ಕೆ 300 ಜಿಎಸ್‌ಎಂ ಆರ್ಟ್ ಬೋರ್ಡ್, ಮ್ಯಾಟ್ ಲ್ಯಾಮಿನೇಷನ್ ಸಾಕು. ದರಪಟ್ಟಿಯಲ್ಲಿ ಇವೆಲ್ಲ ಬರಹದಲ್ಲಿರಲಿ, ತೆರಿಗೆ ಮತ್ತು ಸಾಗಣೆ ಸೇರಿದೆಯೋ ಇಲ್ಲವೋ ಅದೂ ಇರಲಿ. ಬರೀ ಬಾಯಿಮಾತಿನಲ್ಲಿ 70 ಎಂದವರು 60 ಹಾಕಿದರೆ ಹಿಂದಿನ ಪುಟದ ಅಕ್ಷರ ಮುಂದೆ ಕಾಣುತ್ತದೆ. ಕಾಗದದ ಗ್ರೇನ್ (ನಾರಿನ ದಿಕ್ಕು) ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಓಡಬೇಕೆಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಅಡ್ಡ ಹೋದರೆ ಪುಸ್ತಕ ಬಿಡಿಸಿದಾಗ ತಾನೇ ಮುಚ್ಚಿಕೊಳ್ಳುತ್ತದೆ, ಮಳೆಗಾಲದಲ್ಲಿ ಬೆನ್ನಿನ ಹತ್ತಿರ ಹಾಳೆ ಅಲೆಯಾಗುತ್ತದೆ. ಅಂಟಿನ ಬೈಂಡಿಂಗ್ ಆದರೆ ಒಳಅಂಚು 20 ಮಿ.ಮೀ. ಬಿಡಿಸಿ. 500ರ ಮೇಲೆ ಹಾಕಿಸುವುದಾದರೆ ಹೊಲಿಗೆ ಬೈಂಡಿಂಗ್ ದರವನ್ನೂ ಕೇಳಿ. ಗ್ರಂಥಾಲಯದಲ್ಲಿ ಬಾಳಿಕೆ ಬರುವುದು ಅದೇ.

ಮುಖಪುಟದ ಕಲಾವಿದರಿಗೆ ಬೆನ್ನಿನ ಅಳತೆಯನ್ನು ಊಹೆಯಿಂದ ಕೊಡಬೇಡಿ. ಈ ಕಾಗದದಲ್ಲಿ 224 ಪುಟಕ್ಕೆ ಹೆಚ್ಚುಕಡಿಮೆ 10–11 ಮಿ.ಮೀ. ಬರುತ್ತದೆ, ಆದರೆ ಗಿರಣಿಯಿಂದ ಗಿರಣಿಗೆ ದಪ್ಪ ಬೇರೆ. ಒಳಪುಟ ಅಂತಿಮವಾದ ಮೇಲೆ ಅದೇ ಕಾಗದದ ಖಾಲಿ ಡಮ್ಮಿ ಕಟ್ಟಿಸಿ ಅಳೆಯಿರಿ. ಸುತ್ತಲೂ 3 ಮಿ.ಮೀ. ಬ್ಲೀಡ್ (ಅಂಚು ಕತ್ತರಿಸುವಾಗ ಹೋಗುವ ಹೆಚ್ಚುವರಿ ಭಾಗ) ಇರಲಿ.

ಐಎಸ್‌ಬಿಎನ್ ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದಡಿ ಇರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿಯ ಜಾಲತಾಣದಲ್ಲಿ ಲೇಖಕರಾಗಿಯೇ ಅರ್ಜಿ ಹಾಕಬಹುದು. ಮಧ್ಯವರ್ತಿಗಳಿಗೆ ದುಡ್ಡು ಕೊಡುವ ಅಗತ್ಯವೇ ಇಲ್ಲ. ಹೆಸರು, ಮುಖಪುಟದ ಕರಡು ತಯಾರಾದ ಕೂಡಲೇ ಹಾಕಿ. ಸಂಖ್ಯೆ ಬರುವವರೆಗೆ ಪ್ಲೇಟ್ ಮಾಡಿಸಬೇಡಿ. ಮುದ್ರಿತ ಪುಸ್ತಕಕ್ಕೆ ಒಂದು, ಇ-ಪುಸ್ತಕಕ್ಕೆ ಇನ್ನೊಂದು ಸಂಖ್ಯೆ ಬೇಕು.

ಹೊಸ ಪ್ರಕಾಶಕರು ಮರೆಯುವ ಇನ್ನೊಂದು ವಿಷಯವಿದೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ, ಮುಂಬೈನ ಸೆಂಟ್ರಲ್ ಲೈಬ್ರರಿ, ದೆಹಲಿ ಪಬ್ಲಿಕ್ ಲೈಬ್ರರಿಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ಪ್ರಕಾಶಕರು ಈಗ ನೀವೇ, ಹಾಗಾಗಿ ಹೊಣೆಯೂ ನಿಮ್ಮದೇ.

ಕರಡು ಓದುವವರು

ಮೇಲಿನದೆಲ್ಲ ಸರಿ. ಆದರೆ ಪಠ್ಯ ನುಡಿಯಲ್ಲಿದೆ ಅಂದಿರಲ್ಲ, ನನಗೆ ಆತಂಕ ಅಲ್ಲೇ. ನುಡಿಯ ಹಳೆಯ ಫಾಂಟುಗಳಲ್ಲಿ ಹೊಡೆದದ್ದಾದರೆ ಅದು ಆಸ್ಕಿ, ಅಂದರೆ ಆ ಫಾಂಟು ಇದ್ದರೆ ಮಾತ್ರ ಕನ್ನಡವಾಗಿ ಕಾಣುವ ಹಳೆಯ ಸಂಕೇತ. ಅದೇ ಕಡತವನ್ನು ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್‌ಗೆ ಹಾಕಿ ಪುಸ್ತಕ ಮಾಡಿಬಿಟ್ಟರೆ ನಾಳೆ ಇ-ಪುಸ್ತಕಕ್ಕೆ, ಜಾಲತಾಣಕ್ಕೆ, ಮರುಮುದ್ರಣಕ್ಕೆ ಮತ್ತೆ ಮೊದಲಿಂದ ಕೆಲಸ. ವಿನ್ಯಾಸಕ್ಕೆ ಮೊದಲೇ ಎಲ್ಲ ಕಡೆ ಓದಬಹುದಾದ ಯೂನಿಕೋಡಿಗೆ ತನ್ನಿ. ಅದಕ್ಕೆ ಉಚಿತ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ಇವಿಷ್ಟನ್ನು ಕಣ್ಣಿಟ್ಟು ನೋಡಿ:

– ನಡುವೆ ಬಂದ ಇಂಗ್ಲಿಷ್ ಅಕ್ಷರಗಳು ಅರ್ಥವಿಲ್ಲದ ಕನ್ನಡವಾಗಿರುತ್ತವೆ, ಯಾಕೆಂದರೆ ಆಸ್ಕಿಯಲ್ಲಿ ಎರಡಕ್ಕೂ ಒಂದೇ ಸಂಕೇತ.
– ಅರ್ಕಾವೊತ್ತು ಜಾಗ ತಪ್ಪಿರಬಹುದು. ಕಾರ್ಯ, ಸೂರ್ಯ, ದೀರ್ಘ ಇವನ್ನು ಹುಡುಕಿ ನೋಡಿ.
– ‘ಸಾಫ್ಟ್‌ವೇರ್’ ಥರದ ಪದಗಳಲ್ಲಿ ಕಾಣದ ತಡೆಗುರುತು ಬಿದ್ದುಹೋಗಿ ‘ಸಾಫ್ಟ್ವೇರ್’ ಆಗಿರುತ್ತದೆ.
– ಉದ್ಧರಣ ಚಿಹ್ನೆಗಳು ಕೆಡುತ್ತವೆ. ಸಂಭಾಷಣೆ ಹೆಚ್ಚಿರುವ ಕಾದಂಬರಿಗೆ ಇದು ದೊಡ್ಡ ಪೆಟ್ಟು.

ವಿನ್ಯಾಸ ಮಾಡುವವರು ಇನ್‌ಡಿಸೈನ್ ಬಳಸಿದರೆ ಅದರಲ್ಲಿರುವ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆನ್ ಮಾಡಿದ್ದಾರೆಯೇ ಎಂದು ಕೇಳಿ. ಇಲ್ಲದಿದ್ದರೆ ಒತ್ತಕ್ಷರ ಒಡೆದು ಬಿಡಿ ಅಕ್ಷರಗಳಾಗಿ ಕೂರುತ್ತವೆ. ಬಹಳ ಡಿಟಿಪಿಯವರು ಇದೊಂದು ಗೊತ್ತಿಲ್ಲದೆ ‘ಯೂನಿಕೋಡ್ ಪುಸ್ತಕಕ್ಕೆ ಆಗಿಬರಲ್ಲ’ ಎಂದುಬಿಡುತ್ತಾರೆ.

ಕರಡು ಮೂರು ಸುತ್ತು ಆಗಲಿ. ಮೊದಲಿನದು ವಿನ್ಯಾಸಕ್ಕೆ ಮುಂಚೆ, ಭಾಷೆ ಮತ್ತು ಕಥೆಯ ಹೊಂದಾಣಿಕೆಗೆ: ಪಾತ್ರದ ವಯಸ್ಸು, ವಾರ, ತಿಂಗಳು, ಯಾರು ಯಾರನ್ನು ‘ನೀನು’ ಅನ್ನುತ್ತಾರೆ, ‘ನೀವು’ ಅನ್ನುತ್ತಾರೆ. ಎರಡನೆಯದು ಪುಟ ಕಟ್ಟಿದ ಮೇಲೆ ಕಾಗದದಲ್ಲಿ. ಮೂರನೆಯದು ತಿದ್ದಿದ ತಪ್ಪುಗಳನ್ನು ಮಾತ್ರ ತಾಳೆ ನೋಡಲು, ಒಂದು ತಪ್ಪು ತಿದ್ದುವಾಗ ಪಕ್ಕದ ಸಾಲು ಹಾಳಾಗುವುದು ಸಾಮಾನ್ಯ. ಬರೆದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದಿಲ್ಲ, ಬೇರೆಯವರಿಂದ ಓದಿಸಿ. ಆ 24,000ದಲ್ಲಿ ಏನಾದರೂ ಕಡಿತ ಮಾಡಬೇಕೆಂದಿದ್ದರೆ ಮುಖಪುಟದಲ್ಲಿ ಮಾಡಿ, ಕರಡು ತಿದ್ದುವುದರಲ್ಲಿ ಬೇಡ.

ಅಧ್ಯಾಯದ ತಲೆಯಲ್ಲಿ ಭಾವಗೀತೆಯ ಸಾಲೋ ಸಿನಿಮಾ ಹಾಡೋ ಹಾಕಿದ್ದರೆ ಅನುಮತಿ ಬೇಕು. ಕವಿ ತೀರಿಕೊಂಡ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ವಚನ, ದಾಸರ ಪದ, ಜನಪದಕ್ಕೆ ಈ ತೊಡಕಿಲ್ಲ.

ಪುಸ್ತಕ ಸಂತೆ

ಈಗ ದುಡ್ಡಿನ ವಿಷಯ. ನೀವು ಕೊಟ್ಟ ಅಂಕಿಗಳನ್ನೇ ಇಟ್ಟುಕೊಂಡು ನೋಡೋಣ.

ಅಂಗಡಿಗೆ ಶೇ. 40 ಬಿಟ್ಟುಕೊಟ್ಟರೆ 280ರ ಪುಸ್ತಕದಿಂದ ಕೈಗೆ 168. ನೀವೇ ಶೇ. 10 ರಿಯಾಯಿತಿಯಲ್ಲಿ ನೇರ ಮಾರಿದರೆ 252, ಅಂಚೆ ಮತ್ತು ಲಕೋಟೆಗೆ ಸುಮಾರು 32 ತೆಗೆದರೆ 220.

300 ಡಿಜಿಟಲ್: 33,000 + 24,000 = 57,000. ಒಂದು ಪ್ರತಿಗೆ 190. ಅಂಗಡಿಯಲ್ಲಿ ಮಾರಿದ ಒಂದೊಂದು ಪ್ರತಿಗೂ 22 ರೂ. ನಷ್ಟ. ಎಲ್ಲವನ್ನೂ ನೇರ ಮಾರಿದರೂ ಅಸಲು ಹುಟ್ಟಲು 260 ಪ್ರತಿ ಹೋಗಬೇಕು. ವಿಮರ್ಶೆಗೆ, ಗ್ರಂಥಾಲಯಗಳಿಗೆ, ಮುನ್ನುಡಿ ಬರೆದವರಿಗೆ ಎಂದು 40 ಗೌರವ ಪ್ರತಿ ಹೋದರೆ ಉಳಿಯುವುದೂ ಅಷ್ಟೇ!

1000 ಆಫ್‌ಸೆಟ್: 89,000. ಅಸಲು ಹುಟ್ಟಲು ನೇರ ಮಾರಾಟ 405 ಪ್ರತಿ ಆಗಬೇಕು. ಹೊಸ ಹೆಸರಿಗೆ ಅದು ದೊಡ್ಡ ಸಂಖ್ಯೆ. 200 ಮಾತ್ರ ಹೋದರೆ 45,000 ಸಿಕ್ಕಿಕೊಳ್ಳುತ್ತದೆ, ಉಳಿದ ಕಟ್ಟುಗಳಿಗೆ ಮನೆಯಲ್ಲಿ ಗೆದ್ದಲು ಹಿಡಿಯದ ಜಾಗವೂ ಬೇಕು.

500 ಆಫ್‌ಸೆಟ್‌ಗೆ ದರ ಕೇಳಿ. ತಲಾ 85 ಬಂತು ಎಂದಿಟ್ಟುಕೊಂಡರೆ ಒಟ್ಟು 66,500, ಪ್ರತಿಗೆ 133. ಅಂಗಡಿಯಲ್ಲಿ ಮಾರಿದರೂ 35 ರೂ. ಉಳಿಯುತ್ತದೆ. ಅಸಲಿಗೆ ನೇರ ಮಾರಾಟ ಸುಮಾರು 300. ಇಲ್ಲಿ 200 ಮಾತ್ರ ಹೋದರೆ ನಷ್ಟ 22,500. ನನ್ನ ಮಟ್ಟಿಗೆ 500 ಸರಿ, ಒಂದು ಷರತ್ತಿನ ಮೇಲೆ: ಮುಂಗಡ ಕೊಟ್ಟು ಕೊಳ್ಳುವ 150 ಜನರ ಹೆಸರನ್ನು ಇಂದೇ ಕೂತು ಬರೆಯಲು ಸಾಧ್ಯವಾಗಬೇಕು. ಆಗದಿದ್ದರೆ ನಷ್ಟದ ಮಿತಿ ಗೊತ್ತಿರಲಿ ಎಂದು 300ಕ್ಕೇ ನಿಲ್ಲಿಸಿ, ಅಂಗಡಿಗೆ ಕೊಡಬೇಡಿ.

ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿ ಪ್ರತಿ ಹೆಚ್ಚಿಸಬೇಡಿ. ಆಯಾ ವರ್ಷದ ಪ್ರಥಮ ಮುದ್ರಣದ ಪುಸ್ತಕಗಳಿಗೆ ಅರ್ಜಿ ಕರೆಯುತ್ತಾರೆ, ಪುಟಕ್ಕೆ ಇಂತಿಷ್ಟು ಎಂದು ಇಲಾಖೆಯೇ ದರ ಕಟ್ಟುತ್ತದೆ, ಹಣ ತಡವಾಗಿ ಬರುತ್ತದೆ. ಅರ್ಜಿ ಖಂಡಿತ ಹಾಕಿ, ಲೆಕ್ಕದಲ್ಲಿ ಸೇರಿಸಬೇಡಿ. 18ರಿಂದ 35ರೊಳಗಿನವರಾಗಿ ಇದು ಮೊದಲ ಪುಸ್ತಕವಾಗಿದ್ದರೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಯೋಜನೆ ಇದೆ. ಹಸ್ತಪ್ರತಿಯನ್ನು ಮುದ್ರಣಕ್ಕೆ ಮೊದಲೇ ಕಳಿಸಬೇಕು. ಅಚ್ಚಾದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಪ್ರಚಾರ ಬಿಡುಗಡೆಯ ದಿನ ಶುರುವಾಗುವುದಲ್ಲ, ಆರೇಳು ವಾರ ಮುಂಚೆ. ಮೊದಲು ಒಂದು ಅಧ್ಯಾಯವನ್ನು ಕೆಂಡಸಂಪಿಗೆ, ಅವಧಿಯಂಥ ಜಾಲಪತ್ರಿಕೆಗೆ ಕಳಿಸಿ. ಮೊದಲ ಅಧ್ಯಾಯವೇ ಆಗಬೇಕಿಲ್ಲ, ಬಿಡಿಯಾಗಿ ಓದಿದರೂ ನಿಲ್ಲುವಂಥದ್ದು ಇರಲಿ. ಅದು ಪ್ರಕಟವಾದ ವಾರವೇ ಮುಖಪುಟ ತೋರಿಸಿ ಮುಂಗಡ ಬುಕಿಂಗ್ ತೆರೆಯಿರಿ. ಗೂಗಲ್ ಫಾರ್ಮ್‌ನಲ್ಲಿ ಹೆಸರು, ಪೂರ್ತಿ ವಿಳಾಸ, ಪಿನ್‌ಕೋಡ್, ಫೋನ್, ಯುಪಿಐ ವಹಿವಾಟಿನ ಸಂಖ್ಯೆ ಇಷ್ಟೂ ಕಡ್ಡಾಯ ಮಾಡಿ. ವಾಟ್ಸಾಪ್ ಸಂದೇಶಗಳಲ್ಲಿ ವಿಳಾಸ ಹುಡುಕುತ್ತ ಕೂತರೆ ನಾಲ್ಕು ಜನಕ್ಕೆ ಪುಸ್ತಕ ಹೋಗುವುದೇ ಇಲ್ಲ, ಆ ನಾಲ್ವರು ಮತ್ತೆ ಕೊಳ್ಳುವುದೂ ಇಲ್ಲ.

ಅಂಚೆಗೆ ಈಗ ಹಳೆಯ ಬುಕ್ ಪೋಸ್ಟ್ ಇಲ್ಲ. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ. 300 ಗ್ರಾಂವರೆಗೆ 20 ರೂ., 5 ಕಿಲೋಗೆ 100 ರೂ., ತೆರಿಗೆ ಬೇರೆ. 224 ಪುಟದ ನಿಮ್ಮ ಪುಸ್ತಕ 255 ಗ್ರಾಂ ಹತ್ತಿರ ತೂಗುತ್ತದೆ. ಲಕೋಟೆ ಹಗುರಾಗಿದ್ದರೆ ಮೊದಲ ದರದಲ್ಲೇ ಹೋಗುತ್ತದೆ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಅಚ್ಚಾಗಿರಲೇಬೇಕು. ಶೈಕ್ಷಣಿಕ, ಸಾಂಸ್ಕೃತಿಕ ಪುಸ್ತಕಗಳಿಗೆಂದು ಇರುವ ಸೇವೆ ಇದು. ಮೊದಲೊಂದು ಪ್ರತಿ ಒಯ್ದು ನಿಮ್ಮ ಅಂಚೆ ಕಚೇರಿಯಲ್ಲಿ ಕೇಳಿಕೊಂಡೇ ಬೆಲೆಯ ಲೆಕ್ಕ ಹಾಕಿ. ನೆಲದ ಮೇಲಿನ ಸಾಗಣೆಯಾದ್ದರಿಂದ ನಿಧಾನ, ಓದುಗರಿಗೆ ಮೊದಲೇ ಹೇಳಿಬಿಡಿ.

ಬಿಡುಗಡೆ ಸಮಾರಂಭಕ್ಕೆ ದೊಡ್ಡ ಸಭಾಂಗಣ ಬೇಡ. ಬಸವನಗುಡಿಯ ವಾಡಿಯಾ ಸಭಾಂಗಣವೋ ನಿಮ್ಮ ಊರಿನ ಗ್ರಂಥಾಲಯವೋ ಸಾಕು. ಭಾನುವಾರ ಬೆಳಿಗ್ಗೆ ಹತ್ತೂವರೆ, ಅತಿಥಿಗಳು ಇಬ್ಬರು, ಅದರಲ್ಲಿ ಒಬ್ಬರಾದರೂ ಕಾದಂಬರಿಯನ್ನು ಪೂರ್ತಿ ಓದಿ ಮಾತಾಡುವವರು. ಅವರಿಗೆ ಮೂರು ವಾರ ಮೊದಲೇ ಪ್ರತಿ ಕೊಡಿ. ಮಾರಾಟದ ಮೇಜು ಬಾಗಿಲ ಬಳಿ ಇರಲಿ, ಚಿಲ್ಲರೆ ಮತ್ತು ಕ್ಯೂಆರ್ ಫಲಕದೊಡನೆ ಒಬ್ಬರು ಅಲ್ಲಿಂದ ಕದಲಬಾರದು.

ಅಂಗಡಿಗೆ ಕೊಡುವಾಗ ಐದೈದೇ ಪ್ರತಿ, ಡೆಲಿವರಿ ಚಲನ್‌ಗೆ ಸಹಿ, ಮೂರು ತಿಂಗಳಿಗೊಮ್ಮೆ ಲೆಕ್ಕ. ಒಂದೇ ಸಲ 50 ಕೊಟ್ಟರೆ ಹಣವೂ ಬರುವುದಿಲ್ಲ, ವಾಪಸು ಬಂದ ಪ್ರತಿ ಮಾಸಿರುತ್ತದೆ.

ತುಂಗೆಯ ದಡ

ಎಲ್ಲರಿಗೂ ವಂದನೆಗಳು. 150 ಹೆಸರಿನ ಪಟ್ಟಿ ಇವತ್ತೇ ಬರೆಯಲು ಕೂರುತ್ತೇನೆ. ಇನ್ನೆರಡು ಪ್ರಶ್ನೆ. ಖರ್ಚು ನಾನು ಕೊಟ್ಟರೆ ತಮ್ಮ ಹೆಸರಿನಲ್ಲಿ ಪ್ರಕಟಿಸುತ್ತೇವೆ ಎಂದು ಒಂದು ಸಂಸ್ಥೆಯವರು ಹೇಳುತ್ತಿದ್ದಾರೆ. ಒಪ್ಪಬಹುದೇ? ಇ-ಪುಸ್ತಕ ಎಲ್ಲಿ ಹಾಕುವುದು?

ಹಕ್ಕುಪತ್ರ

ಒಪ್ಪುವ ಮುಂಚೆ ನಾಲ್ಕು ಉತ್ತರ ಬರಹದಲ್ಲಿ ಪಡೆಯಿರಿ. ಎಷ್ಟು ಪ್ರತಿ ಅಚ್ಚಾಗುತ್ತದೆ, ಅದರಲ್ಲಿ ನಿಮಗೆಷ್ಟು? ಮುದ್ರಣದ ಪಿಡಿಎಫ್ ಮತ್ತು ತೆರೆದು ತಿದ್ದಬಹುದಾದ ಕಡತ ನಿಮಗೆ ಸಿಗುತ್ತದೆಯೇ? ಮಾರಾಟದ ಲೆಕ್ಕ ಎಷ್ಟು ತಿಂಗಳಿಗೊಮ್ಮೆ? ಯಾವ ಯಾವ ಹಕ್ಕು ಅವರಿಗೆ? ಅನುವಾದ, ಆಡಿಯೋ, ಸಿನಿಮಾ, ಇ-ಪುಸ್ತಕ ಇವನ್ನೆಲ್ಲ ‘ಸರ್ವ ಹಕ್ಕು’ ಎಂಬ ಒಂದೇ ಪದದಲ್ಲಿ ಸೇರಿಸಿದ್ದರೆ ಸಹಿ ಹಾಕಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಒಪ್ಪಂದದಲ್ಲಿ ಅವಧಿ ಬರೆದಿಲ್ಲದಿದ್ದರೆ ಅದು 5 ವರ್ಷ, ಪ್ರದೇಶ ಬರೆದಿಲ್ಲದಿದ್ದರೆ ಭಾರತ ಮಾತ್ರ. ಹಾಗೆಂದು ಅದನ್ನು ನಂಬಿ ಖಾಲಿ ಬಿಡಬೇಡಿ, ‘3 ವರ್ಷ, ಮುದ್ರಿತ ಕನ್ನಡ ಆವೃತ್ತಿ ಮಾತ್ರ’ ಎಂದು ನೀವೇ ಬರೆಸಿ. ಕೃತಿಸ್ವಾಮ್ಯ ನೋಂದಣಿ ಕಡ್ಡಾಯವಲ್ಲ, ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ಪುರಾವೆಗೆ ಬೇಕೆನಿಸಿದರೆ ಸಾಹಿತ್ಯ ಕೃತಿಗೆ ಶುಲ್ಕ 500 ರೂ.

ಪೂರ್ತಿ ಖರ್ಚು ನಿಮ್ಮದೇ ಆದರೆ ಅವರು ಕೊಡುವುದು ಹೆಸರು ಮತ್ತು ಮಾರಾಟದ ಜಾಲ ಮಾತ್ರ. ಆ ಜಾಲ ನಿಜವಾಗಿ ಇದೆಯೇ ಎಂದು ತಿಳಿಯಲು ಅವರ ಕಳೆದ ವರ್ಷದ ಎರಡು ಕಾದಂಬರಿ ಹುಬ್ಬಳ್ಳಿ, ಮಂಗಳೂರು, ಕಲಬುರಗಿಯ ಅಂಗಡಿಗಳಲ್ಲಿ ಸಿಗುತ್ತವೆಯೇ ಎಂದು ಫೋನ್ ಮಾಡಿ ಕೇಳಿ.

ಇ-ಪುಸ್ತಕಕ್ಕೆ ಅಮೆಜಾನ್ ಕಿಂಡಲ್ ಆಗುವುದಿಲ್ಲ. ಅವರ ಕೆಡಿಪಿಯ (ಲೇಖಕರೇ ಪುಸ್ತಕ ಏರಿಸುವ ತಾಣ) ಭಾಷಾಪಟ್ಟಿಯಲ್ಲಿ ಹಿಂದಿ, ಮರಾಠಿ, ಗುಜರಾತಿ, ತಮಿಳು, ಮಲಯಾಳಂ ಇವೆ, ಕನ್ನಡಕ್ಕೆ ಜಾಗ ಕೊಟ್ಟಿಲ್ಲ. ಕೋಟ್ಯಂತರ ಜನ ಆಡುವ ನುಡಿಗೆ ಇದು ಅನ್ಯಾಯವೇ. ಬೇರೆ ಭಾಷೆಯ ಹೆಸರು ಕೊಟ್ಟು ಏರಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಪುಸ್ತಕ ತೆಗೆದುಹಾಕುತ್ತಾರೆ, ಖಾತೆಗೂ ಕುತ್ತು. ಗೂಗಲ್ ಪ್ಲೇ ಬುಕ್ಸ್ ಕನ್ನಡವನ್ನು ತೆಗೆದುಕೊಳ್ಳುತ್ತದೆ, ಕನ್ನಡಕ್ಕೆಂದೇ ಹುಟ್ಟಿದ ಮೈಲ್ಯಾಂಗ್ ಎಂಬ ಇ-ಪುಸ್ತಕದ ಆ್ಯಪ್ ಇದೆ. ವಿದೇಶದ ಕನ್ನಡಿಗರಿಗೆ ಅಂಚೆ ವೆಚ್ಚ ಪುಸ್ತಕದ ಬೆಲೆಯನ್ನೂ ಮೀರುವುದರಿಂದ ಅವರನ್ನು ಮುಟ್ಟಲು ಇದೇ ದಾರಿ. ಪಿಡಿಎಫ್ ಬೇಡ, ಇ-ಪಬ್ ಮಾಡಿಸಿ. ಪಿಡಿಎಫ್ ಪುಟ ಫೋನಿನ ಪರದೆಗೆ ತಕ್ಕಂತೆ ಹರಡಿಕೊಳ್ಳುವುದಿಲ್ಲ. ಏರಿಸುವ ಮುನ್ನ ಒಂದು ಹಳೆಯ ಆಂಡ್ರಾಯ್ಡ್, ಒಂದು ಐಫೋನ್ ಎರಡರಲ್ಲೂ ತೆರೆದು, ಅಕ್ಷರ ದೊಡ್ಡದು ಮಾಡಿ, ಒತ್ತಕ್ಷರ ಮತ್ತು ಅಧ್ಯಾಯಗಳ ಕೊಂಡಿ ಸರಿಯಿದೆಯೇ ನೋಡಿ. ಮುಂಗಡ ಕೊಟ್ಟವರಿಗೆಲ್ಲ ಮುದ್ರಿತ ಪ್ರತಿ ತಲುಪಿದ ಮೇಲೆಯೇ ಇ-ಪುಸ್ತಕ ಬಿಡಿ.