ಮಗನಿಗೆ ಬೇಡ ಅಂದ ಸಿನಿಮಾ ನಾನೇ ಕದ್ದು ನೋಡಿದೆ. ಅರ್ಧ ಜೋಕು ಅರ್ಥ ಆಗಲಿಲ್ಲ

ಮೆಡಿಕಲ್ ಶಾಪ್, ದಾವಣಗೆರೆ:

ನನಗೆ ಐವತ್ತು ದಾಟಿದೆ. ಔಷಧಿ ಅಂಗಡಿ ಇಟ್ಟಿದ್ದೇನೆ. ಸೂಪರ್‌ಹೀರೋ ಸಿನಿಮಾ ಅಂದರೆ ಮಗ ನೋಡುವಾಗ ನಾನು ಪಕ್ಕದಲ್ಲಿ ಗೊರಕೆ ಹೊಡೆಯುವುದು, ಅಷ್ಟೇ ನನ್ನ ಅನುಭವ. 2024ರ ಜುಲೈನಲ್ಲಿ ‘ಡೆಡ್‌ಪೂಲ್ ಆಂಡ್ ವುಲ್ವರೀನ್’ ಬಂದಾಗ ಹದಿನಾರರ ಮಗ ಹಟ ಹಿಡಿದ. ಹೋದೆವು. ಬಾಗಿಲಲ್ಲಿ ಅವನ ಮುಖ ನೋಡಿ ಆಧಾರ್ ಕೇಳಿದರು. ‘ಅಪ್ಪ ನಾನೇ ಜೊತೆಗಿದ್ದೀನಲ್ಲ’ ಅಂದೆ. ‘ಅಜ್ಜ ಬಂದ್ರೂ ಬಿಡಲ್ಲ ಸರ್, ಎ ಸರ್ಟಿಫಿಕೇಟ್’ ಅಂದರು. ಬೆಣ್ಣೆ ದೋಸೆ ತಿಂದು ಮನೆಗೆ ಬಂದೆವು. ಮಗ ಎರಡು ದಿನ ಮಾತಾಡಲಿಲ್ಲ.

ಅಂಥದ್ದೇನಿದೆ ಅಂತ ಮೊನ್ನೆ ಎಲ್ಲರೂ ಮಲಗಿದ ಮೇಲೆ ಇಯರ್‌ಫೋನ್ ಹಾಕಿಕೊಂಡು 2016ರ ಮೊದಲನೇ ‘ಡೆಡ್‌ಪೂಲ್’ ನೋಡಿದೆ. ರಕ್ತ, ಬೈಗುಳ, ಹಬ್ಬಕ್ಕೊಂದರಂತೆ ಹಾಸಿಗೆ ಸೀನು. ನಾಯಕ ಡೆಡ್‌ಪೂಲ್ ಬೇಡಿಯಿಂದ ತಪ್ಪಿಸಿಕೊಳ್ಳಲು ತನ್ನ ಕೈ ತಾನೇ ಕೊಯ್ದುಕೊಂಡು ಕಸದ ಲಾರಿಗೆ ಬೀಳುತ್ತಾನೆ. ಆಮೇಲೆ ಆ ಜಾಗದಲ್ಲಿ ಎಳೆಮಗುವಿನ ಕೈ ಮೊಳೆಯುತ್ತದೆ! ನನಗೆ ನಗು ತಡೆಯಲಾಗಲಿಲ್ಲ. ಹೆಂಡತಿ ಎದ್ದು ಕೂತಳು. ‘ನ್ಯೂಸು’ ಅಂದೆ.

ಆದರೆ ಎಷ್ಟೋ ಕಡೆ ಬೇರೆಯವರ ಮನೆ ಮದುವೆಗೆ ಹೋದ ಹಾಗಾಯಿತು. ಎಲ್ಲರೂ ನಗುತ್ತಾರೆ, ನನಗೆ ಗೊತ್ತಿಲ್ಲ. ಸೂಟು ಹಸಿರು ಬಣ್ಣದ್ದು ಬೇಡ ಅಂತಾನೆ, ಯಾಕೆ? ಅಷ್ಟು ದೊಡ್ಡ ಬಂಗಲೆಯಲ್ಲಿ ಬರೀ ಇಬ್ಬರೇ ಯಾಕೆ ಕಾಣುತ್ತೀರಿ ಅಂತ ಕೇಳುತ್ತಾನೆ, ಅದರಲ್ಲೇನು ತಮಾಷೆ?

ಇನ್ನೊಂದು. ಇವನಿಗೆ ಕ್ಯಾನ್ಸರ್ ಅಂತ ಗೊತ್ತಾದ ಮೇಲೂ ಜೋಕು ಹೊಡೆಯುತ್ತಾನಲ್ಲ, ಅದು ನಿಮಗೆ ಕಿರಿಕಿರಿ ಆಗಲಿಲ್ಲವಾ? ಮಗನಿಗೆ ತೋರಿಸಲಾ ಬೇಡವಾ ಅಂತ ಯೋಚಿಸುವಾಗ ನನಗೆ ಬೈಗುಳಕ್ಕಿಂತ ಇದೇ ತಲೆ ತಿನ್ನುತ್ತಿದೆ.

ಗೋಳಿಬಜೆ:

ಸರ್, ‘ನ್ಯೂಸು’ ಅಂದದ್ದಕ್ಕೆ ನಾನು ನಕ್ಕು ನಕ್ಕು ಚಹಾ ಚೆಲ್ಲಿಕೊಂಡೆ.

ಹಸಿರು ಸೂಟಿನ ಕಥೆ ಇದು. ನಾಯಕ ರಯಾನ್ ರೆನಾಲ್ಡ್ಸ್ 2011ರಲ್ಲಿ ‘ಗ್ರೀನ್ ಲ್ಯಾಂಟರ್ನ್’ ಅಂತ ಇನ್ನೊಬ್ಬ ಸೂಪರ್‌ಹೀರೋ ಆಗಿದ್ದ. ಆ ಹಸಿರು ಸೂಟನ್ನು ದರ್ಜಿ ಹೊಲಿದದ್ದಲ್ಲ, ಕಂಪ್ಯೂಟರಿನಲ್ಲಿ ಮೈಗೆ ಅಂಟಿಸಿದ್ದು. ಸಿನಿಮಾ ಮಕಾಡೆ ಮಲಗಿತು. ಅದಕ್ಕೂ ಮುಂಚೆ, 2009ರ ವುಲ್ವರೀನ್ ಸಿನಿಮಾದಲ್ಲಿ ಇದೇ ಡೆಡ್‌ಪೂಲ್ ಪಾತ್ರ ಮಾಡಿದ್ದ. ಅಲ್ಲಿ ಕೊನೆಗೆ ಏನು ಮಾಡಿದರು ಗೊತ್ತಾ? ಬಾಯಿ ಹೊಲಿದು ಬಿಟ್ಟರು. ಬಾಯಿಯೇ ಬಂಡವಾಳ ಆದವನಿಗೆ! 1991ರಲ್ಲಿ ಕಾಮಿಕ್ಸಿಗೆ ಬಂದಾಗಿನಿಂದ ಇವನು ವಟವಟ ಅನ್ನುವವನೇ. ಹಾಗಾಗಿ 2016ರದ್ದು ಪೂರ್ತಿ ಹಳೇ ಸಾಲ ತೀರಿಸಿಕೊಂಡ ಸಿನಿಮಾ.

ಟೈಟಲ್ ಇನ್ನೊಮ್ಮೆ ನೋಡಿ. ನಟರ ಹೆಸರಿಲ್ಲ. ಬ್ರಿಟಿಷ್ ವಿಲನ್ ಒಬ್ಬ, ಗ್ರಾಫಿಕ್ಸ್ ಪಾತ್ರ ಒಂದು ಅಂತ ಹಾಕಿದ್ದಾರೆ. ನಿರ್ಮಾಪಕ, ನಿರ್ದೇಶಕರಿಗೆ ನೇರ ಬೈಗುಳ. ಬರೆದವರು ಮಾತ್ರ ತಮ್ಮನ್ನೇ ನಿಜವಾದ ಹೀರೋಗಳು ಅಂತ ಕರೆದುಕೊಂಡಿದ್ದಾರೆ, ಕಳ್ಳರು.

ರಾತ್ರಿ ಪಾಳಿ:

ನಾನು ಬೆಂಗಳೂರಿನಲ್ಲಿ ಗ್ರಾಫಿಕ್ಸ್ ಕೆಲಸ ಮಾಡುವವನು. ಹನ್ನೊಂದು ವರ್ಷದಿಂದ ಸೂಪರ್‌ಹೀರೋಗಳ ಕೂದಲಿನ ಅಂಚು ಕತ್ತರಿಸುತ್ತಾ ಕೂತಿದ್ದೇನೆ. ಬಂಗಲೆಯ ಜೋಕು ನಮ್ಮಂಥವರಿಗೆ ಕರುಳಿಗೆ ತಾಗುತ್ತದೆ. ಅದು ದುಡ್ಡಿನ ಜೋಕು ಸರ್. ಆ ಬಂಗಲೆ ಎಕ್ಸ್‌-ಮೆನ್ ಅನ್ನುವ ಸೂಪರ್‌ಹೀರೋ ತಂಡದ್ದು, ತುಂಬಾ ಜನ ಇರಬೇಕಾದ ಜಾಗ. ಬಜೆಟ್ ಇದ್ದದ್ದು 5.8 ಕೋಟಿ ಡಾಲರ್. ಈ ಥರದ ಸಿನಿಮಾಕ್ಕೆ ಅದು ಉಪ್ಪಿನಕಾಯಿಗೂ ಸಾಲದು. ಇಬ್ಬರನ್ನು ಕರೆತರುವಷ್ಟೇ ಕಾಸು.

ಕೊನೇ ಹೊಡೆದಾಟಕ್ಕೆ ಮುಂಚೆ ಬಂದೂಕಿನ ಚೀಲ ಟ್ಯಾಕ್ಸಿಯಲ್ಲೇ ಮರೆತು ಬರುತ್ತಾನಲ್ಲ? ಶೂಟಿಂಗ್ ಹತ್ತಿರ ಬಂದಾಗ ಸ್ಟುಡಿಯೋ ಬಜೆಟ್ ಇನ್ನೂ ಕಡಿಮೆ ಮಾಡಿತು. ದೊಡ್ಡ ಗುಂಡಿನ ಕಾಳಗಕ್ಕೆ ದುಡ್ಡಿಲ್ಲ. ಬರಹಗಾರರು ಚೀಲವನ್ನೇ ಮರೆಸಿಬಿಟ್ಟರು! ನನಗಂತೂ ಇಡೀ ಸಿನಿಮಾದಲ್ಲಿ ಅದೇ ಇಷ್ಟ. (ಆ ಟ್ಯಾಕ್ಸಿ ಓಡಿಸುವ ಡೋಪಿಂದರ್ ಪಾತ್ರದ ಕರಣ್ ಸೋನಿ ದೆಹಲಿಯಲ್ಲಿ ಹುಟ್ಟಿದವನು.)

ಸಿನಿಮಾ ಆದದ್ದೂ ಹಾಗೇ. ನಿರ್ದೇಶಕ ಟಿಮ್ ಮಿಲ್ಲರ್ ಮೂಲತಃ ನಮ್ಮ ಕಸುಬಿನವನು. ಅವನು ಮಾಡಿದ ಸ್ಯಾಂಪಲ್ ತುಣುಕು ವರ್ಷಗಟ್ಟಲೆ ಡಬ್ಬದಲ್ಲಿ ಬಿದ್ದಿತ್ತು. 2014ರ ಜುಲೈನಲ್ಲಿ ಯಾರೋ ಲೀಕ್ ಮಾಡಿದರು. ಜನ ಹುಚ್ಚೆದ್ದರು. ಎರಡು ತಿಂಗಳಲ್ಲಿ ಸ್ಟುಡಿಯೋ ಬಿಡುಗಡೆಯ ದಿನಾಂಕವನ್ನೇ ಹೇಳಿತು. ಕೊನೆಗೆ ಬಂದದ್ದು 78 ಕೋಟಿ ಡಾಲರ್. ನಮ್ಮ ಆಫೀಸಿನಿಂದ ಒಂದು ಫ್ರೇಮ್ ಹೊರಗೆ ಹೋದರೂ ಕೆಲಸ ಹೋಗುತ್ತದೆ, ಅದು ಬೇರೆ ವಿಷಯ.

ಚೌಕಿಮನೆ:

ಡೆಡ್‌ಪೂಲ್ ಕ್ಯಾಮೆರಾ ಕಡೆ ತಿರುಗಿ ನೋಡುಗರ ಜೊತೆ ಮಾತಾಡುವುದನ್ನೇ ಎಲ್ಲರೂ ಏನೋ ಹೊಸದು ಅಂತ ಹೊಗಳುತ್ತಾರೆ. ನಮ್ಮ ಯಕ್ಷಗಾನದ ಹಾಸ್ಯಗಾರ ರಾಜನ ಆಸ್ಥಾನದಲ್ಲಿ ನಿಂತುಕೊಂಡೇ ಭಾಗವತರಿಗೆ ಕೊಂಕು ಹೇಳುವುದಿಲ್ಲವಾ? ಪುರಾಣದ ಮಧ್ಯೆ ಬಸ್ ದರ ಏರಿದ್ದೂ ಬರುತ್ತದೆ. ಬೈಗುಳ ಇರುವುದಿಲ್ಲ, ಅಷ್ಟೇ. ಹಾಸ್ಯಗಾರನನ್ನೇ ರಾಜನ ಪಾತ್ರಕ್ಕೆ ಕೂರಿಸಿದರೆ ಡೆಡ್‌ಪೂಲ್.

2024ರದ್ದು 130 ಕೋಟಿ ಡಾಲರ್ ದಾಟಿತು. ನನಗೆ ಹಿಡಿಸಲಿಲ್ಲ. ಬಡವ ಬಡತನದ ಮೇಲೆ ಜೋಕು ಮಾಡಿದರೆ ಚೆಂದ. ಕೋಟ್ಯಧಿಪತಿ ಮಾಡಿದರೆ ಸುಮ್ನೆ ಹಲ್ಲು ಕಿರಿದ ಹಾಗೆ.

ಎರಡು ಮಕ್ಕಳ ತಾಯಿ:

ಅಣ್ಣಾ, ನಿಮ್ಮ ಮಗ ಅಮೆರಿಕದಲ್ಲಿದ್ದಿದ್ದರೆ ನಿಮ್ಮ ಜೊತೆ ಒಳಗೆ ಬಿಡುತ್ತಿದ್ದರು. ಅಲ್ಲಿನ ‘ಆರ್’ ಅಂದರೆ ಹದಿನೇಳರ ಒಳಗಿನವರಿಗೆ ದೊಡ್ಡವರು ಜೊತೆಗಿರಬೇಕು ಅಂತ. ನಮ್ಮ ‘ಎ’ಗೆ ಹದಿನೆಂಟು ತುಂಬಲೇಬೇಕು. ಎರಡನೇ ಭಾಗವನ್ನು ಬೈಗುಳ, ರಕ್ತ ತೆಗೆದು ‘ಒನ್ಸ್ ಅಪಾನ್ ಎ ಡೆಡ್‌ಪೂಲ್’ ಅಂತ 2018ರ ಡಿಸೆಂಬರಿನಲ್ಲಿ ಬಿಟ್ಟಿದ್ದರು. ಅದನ್ನು ತೋರಿಸಿ ನೋಡಿ. ಆದರೆ ಹದಿನಾರರ ಹುಡುಗ ಅದನ್ನು ನೋಡುತ್ತಾನಾ? ನನ್ನವನಂತೂ ‘ಈರುಳ್ಳಿ ಇಲ್ಲದ ಈರುಳ್ಳಿ ದೋಸೆ’ ಅಂದ. ಎಲ್ಲಿ ನೋಡಿದ್ದೀಯ ಈರುಳ್ಳಿ ಇರೋದನ್ನ ಅಂತ ಕೇಳಿದೆ. ಉತ್ತರ ಇಲ್ಲ.

ಮೆಡಿಕಲ್ ಶಾಪ್, ದಾವಣಗೆರೆ:

ಎಲ್ಲರಿಗೂ ಥ್ಯಾಂಕ್ಸ್. ಚೀಲದ ಸೀನು ಇನ್ನೊಮ್ಮೆ ನೋಡಿದೆ. ಈ ಸಲ ಜೋರಾಗಿಯೇ ನಕ್ಕೆ.

ಕ್ಯಾನ್ಸರ್ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ, ಇರಲಿ. ನಮ್ಮ ಅಂಗಡಿಗೆ ಒಬ್ಬರು ಮೇಷ್ಟ್ರು ಬರುತ್ತಾರೆ. ತಿಂಗಳ ಮಾತ್ರೆಗೆ ಸಾವಿರಾರು ರೂಪಾಯಿ. ಪ್ರತಿ ಸಲ ಬಿಲ್ ಕೊಟ್ಟಾಗ ‘ಎರಡು ತಗೊಂಡ್ರೆ ಒಂದು ಫ್ರೀ ಇಲ್ವೇನಪ್ಪಾ?’ ಅಂತ ಕೇಳುತ್ತಾರೆ. ಹಿಂದೆ ನಿಂತ ಅವರ ಹೆಂಡತಿ ನಗುವುದಿಲ್ಲ. ಸಿನಿಮಾದಲ್ಲೂ ಹಾಗೇ ಇದೆ, ಎರಡನೇ ಸಲ ಕಂಡಿತು. ಕ್ಯಾನ್ಸರ್ ಅಂತ ಗೊತ್ತಾದಾಗ ನಾಯಕನ ಪ್ರೇಯಸಿ ಪ್ಲಾನ್ ಎ, ಪ್ಲಾನ್ ಬಿ ಅಂತ ಲೆಕ್ಕ ಹಾಕುತ್ತಾ ಇರುತ್ತಾಳೆ. ಇವನು ಸುಮ್ಮನೆ ಅವಳ ಮುಖ ನೋಡುತ್ತಾ ಕೂರುತ್ತಾನೆ. ಅಲ್ಲಿ ಒಂದು ಜೋಕೂ ಇಲ್ಲ.

ಮಗನಿಗೆ ಎರಡು ವರ್ಷ ಕಾಯಿ ಅಂದಿದ್ದೇನೆ. ‘ನೀನು ಯಾವಾಗ ನೋಡಿದೆ?’ ಅಂತ ಕೇಳಿದ. ಹೆಂಡತಿ ಅಡುಗೆಮನೆಯಿಂದ ‘ನ್ಯೂಸಲ್ಲಿ’ ಅಂದಳು.