ನೀಹಾರಿಕೆಯ ಬಣ್ಣ ನಿಜವೇ, ಹಚ್ಚಿದ್ದೇ? ಮಕ್ಕಳಿಗೆ ಏನೆಂದು ಹೇಳಲಿ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಬೇಲೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮ ಪ್ರೌಢಶಾಲೆಯ ಮೈದಾನದಲ್ಲಿ ಆರು ಇಂಚಿನ ದೂರದರ್ಶಕ ನಿಲ್ಲಿಸಿ, ಒಂಬತ್ತನೆಯ ತರಗತಿಯ ಮಕ್ಕಳಿಗೆ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯನ್ನು, ಅಂದರೆ ಅಲ್ಲಿನ ಅನಿಲ-ದೂಳಿನ ದೊಡ್ಡ ಮೋಡವನ್ನು, ತೋರಿಸಿದೆ. ಅಂದು ಮಧ್ಯಾಹ್ನ ತರಗತಿಯಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕ ತೆಗೆದ ಅದೇ ನೀಹಾರಿಕೆಯ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸಿ ವಿವರಿಸಿದ್ದೆ. ರಾತ್ರಿ ಸಾಲಾಗಿ ಬಂದು ಕಣ್ಣಿಟ್ಟು ನೋಡಿದವರಿಗೆ ಕಂಡದ್ದು ನಾಲ್ಕು ಪುಟ್ಟ ನಕ್ಷತ್ರಗಳು, ಅವುಗಳ ಸುತ್ತ ಗಾಜಿನ ಮೇಲೆ ಉಸಿರು ಬಿಟ್ಟಾಗ ಮೂಡುವ ಮಂಜಿನಂಥ ಬೂದು ಮಸುಕು, ಅಷ್ಟೇ. ಒಬ್ಬ ಹುಡುಗ ಎರಡನೆಯ ಸಲ ಸಾಲಿನಲ್ಲಿ ನಿಂತು ಬಂದು ಮತ್ತೆ ನೋಡಿ, “ಮಿಸ್, ಹಾಗಾದರೆ ಆ ಬಣ್ಣವನ್ನೆಲ್ಲ ಯಾರೋ ಹಚ್ಚಿದ್ದಾ?” ಎಂದು ಕೇಳಿದ.

ಚಿತ್ರವನ್ನು ಕಂಪ್ಯೂಟರಿನಲ್ಲಿ ಸಂಸ್ಕರಿಸುತ್ತಾರೆ ಎಂದು ಹೇಳಿ ಮುಗಿಸಿದೆ. ಅವನಿಗೆ ಅದು ಸಮಾಧಾನ ತರಲಿಲ್ಲ, ನನಗೂ ತಂದಿಲ್ಲ. ಹಚ್ಚಿದ್ದು ಎಂದರೆ ಅವನು ಚಿತ್ರವನ್ನೇ ಸುಳ್ಳೆಂದು ತಿಳಿಯುತ್ತಾನೆ. ಇರುವ ಬಣ್ಣವೇ ಎಂದರೆ ತನ್ನ ಕಣ್ಣಿಗೆ ಏಕೆ ಕಾಣಲಿಲ್ಲ ಎಂದು ನ್ಯಾಯವಾಗಿಯೇ ಕೇಳುತ್ತಾನೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1: ಕಾಫಿ ಬೆಳೆಗಾರ, ಹವ್ಯಾಸಿ ಛಾಯಾಗ್ರಾಹಕ, ಮೂಡಿಗೆರೆ

ಮೇಡಂ, ಈ ನೀಹಾರಿಕೆಯ ಮಟ್ಟಿಗೆ ಬಣ್ಣ ಅಲ್ಲೇ ಇದೆ. ಅದನ್ನು ಕಾಣುವ ಶಕ್ತಿ ಕತ್ತಲಲ್ಲಿ ನಮ್ಮ ಕಣ್ಣಿಗಿಲ್ಲ. ಬಣ್ಣ ಗುರುತಿಸುವ ಶಂಕುಕೋಶಗಳಿಗೆ ಸಾಕಷ್ಟು ಬೆಳಕು ಬೇಕು. ಮಂದ ಬೆಳಕಿನಲ್ಲಿ ದುಡಿಯುವ ದಂಡಕೋಶಗಳಿಗೆ ಬಣ್ಣದ ಭೇದ ತಿಳಿಯದು, ಅದರಲ್ಲೂ ಕೆಂಪು ಬೆಳಕು ಅವಕ್ಕೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ನೀಹಾರಿಕೆಯ ಜಲಜನಕ ಸೂಸುವುದು ಅಂಥ 656 ನ್ಯಾನೋಮೀಟರ್ ತರಂಗದೂರದ ಕೆಂಪನ್ನೇ. ಬೆಳದಿಂಗಳಲ್ಲಿ ತೋಟದೊಳಗೆ ನಡೆದರೆ ಗಿಡದ ಮೇಲಿನ ಕಾಫಿ ಹಣ್ಣು ಕಪ್ಪು ಗೋಲಿಯಂತೆ ಕಾಣುತ್ತದೆ, ಕಾಯಿ ಯಾವುದು ಹಣ್ಣು ಯಾವುದು ತಿಳಿಯುವುದಿಲ್ಲ. ಹಾಗೆಂದು ಹಣ್ಣಿನ ಕೆಂಪು ಎಲ್ಲಿಗೂ ಹೋಗಿರುವುದಿಲ್ಲ. ನಿಮ್ಮ ಮಕ್ಕಳು ಇದನ್ನು ಖಂಡಿತ ಕಂಡಿರುತ್ತಾರೆ.

ಕಣ್ಣಿಗೆ ಇನ್ನೊಂದು ಮಿತಿಯಿದೆ. ಅದು ಬೆಳಕನ್ನು ಕೂಡಿಡುವುದು ಸೆಕೆಂಡಿನ ಸಣ್ಣ ಪಾಲಿನಷ್ಟು ಹೊತ್ತು ಮಾತ್ರ, ಕ್ಯಾಮೆರಾ ಗಂಟೆಗಟ್ಟಲೆ ಕೂಡಿಡಬಲ್ಲದು. ಕಳೆದ ಜನವರಿಯಲ್ಲಿ ನಮ್ಮ ಕಾಫಿ ಕಣದಲ್ಲಿ ನಕ್ಷತ್ರಗಳ ಚಲನೆಯ ಜೊತೆಗೇ ತಿರುಗುವ ಟ್ರ್ಯಾಕರ್ ಮೇಲೆ ಕ್ಯಾಮೆರಾ ಕೂರಿಸಿ, ಒಂದೊಂದು ನಿಮಿಷದ ತೊಂಬತ್ತು ಚಿತ್ರಗಳನ್ನು ತೆಗೆದೆ. ರಾತ್ರಿ ಒಂದರ ಹೊತ್ತಿಗೆ ಲೆನ್ಸಿನ ಮೇಲೆ ಇಬ್ಬನಿ ಕಟ್ಟಿಕೊಂಡು ಕೊನೆಯ ಇಪ್ಪತ್ತು ಚಿತ್ರಗಳು ಹಾಳಾದವು. ಉಳಿದವನ್ನು ಒಂದರ ಮೇಲೊಂದು ಜೋಡಿಸಿದಾಗ, ಒಂಟಿ ಚಿತ್ರದಲ್ಲಿ ಕಾಳುಕಾಳಾಗಿ ಕಾಣುತ್ತಿದ್ದ ಗುಲಾಬಿ ಬಣ್ಣ ನಯವಾಗಿ, ರೆಕ್ಕೆ ಬಿಚ್ಚಿದಂತೆ ಹರಡಿಕೊಂಡಿತು. ನಾನು ಯಾವ ಬಣ್ಣವನ್ನೂ ಸೇರಿಸಿಲ್ಲ, ಇದ್ದದ್ದನ್ನು ಎತ್ತಿ ತೋರಿಸಿದ್ದೇನೆ. ನಿಜ ಹೇಳಬೇಕೆಂದರೆ ನೀಹಾರಿಕೆ ಇನ್ನೂ ಹೆಚ್ಚು ಕೆಂಪಾಗಿದೆ. ಸಾಮಾನ್ಯ ಕ್ಯಾಮೆರಾಗಳ ಸೆನ್ಸರಿನ ಮುಂದಿರುವ ಶೋಧಕ (ಫಿಲ್ಟರ್) ಜಲಜನಕದ ಕೆಂಪಿನ ಬಹುಪಾಲನ್ನು ತಡೆದುಬಿಡುತ್ತದೆ.

ಹತ್ತಿರ ಹೋದರೆ ಬಣ್ಣ ಕಾಣುತ್ತದೆಯೇ ಎಂದು ಮಕ್ಕಳು ಕೇಳಿದರೆ, ಇಲ್ಲವೆಂದೇ ಹೇಳಿ. ಹತ್ತಿರ ಹೋದಷ್ಟೂ ನೀಹಾರಿಕೆ ಆಕಾಶದಲ್ಲಿ ಅಗಲವಾಗಿ ಹರಡಿಕೊಳ್ಳುತ್ತದೆ, ಹೆಚ್ಚಾದ ಬೆಳಕೆಲ್ಲ ಆ ಅಗಲಕ್ಕೇ ಹಂಚಿಹೋಗುತ್ತದೆ.

ಉತ್ತರ 2: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಹಾಸನ

ಬೆಳೆಗಾರರು ಬರೆದದ್ದು ಸರಿಯಾಗಿದೆ, ಆದರೆ ಎಲ್ಲ ಚಿತ್ರಗಳಿಗೂ ಅದೇ ಉತ್ತರ ಕೊಟ್ಟರೆ ತಪ್ಪಾಗುತ್ತದೆ. ಹಬಲ್ 1995ರಲ್ಲಿ ತೆಗೆದ ಗರುಡ ನೀಹಾರಿಕೆಯ ‘ಸೃಷ್ಟಿಯ ಕಂಬಗಳು’ ಚಿತ್ರವನ್ನೇ ನೋಡಿ. ಅಲ್ಲಿ ಶೋಧಕಗಳ ಮೂಲಕ ಗಂಧಕ, ಜಲಜನಕ, ಆಮ್ಲಜನಕಗಳ ಬೆಳಕನ್ನು ಬೇರೆ ಬೇರೆಯಾಗಿ, ಕಪ್ಪು-ಬಿಳುಪು ಚಿತ್ರಗಳಾಗಿ ಹಿಡಿದು, ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಬಣ್ಣ ಕೊಟ್ಟು ಸೇರಿಸಿದ್ದಾರೆ. ಜಲಜನಕದ ಬೆಳಕು ಹಸಿರಲ್ಲ, ಅದೂ ಗಂಧಕದಂತೆ ಕೆಂಪೇ. ಆ ಎರಡು ಕೆಂಪುಗಳ ನಡುವಿನ ಅಂತರ ಹದಿನೈದು ನ್ಯಾನೋಮೀಟರಿನಷ್ಟು ಮಾತ್ರ. ಇದ್ದಂತೆಯೇ ತೋರಿಸಿದ್ದರೆ ಎರಡು ಅನಿಲಗಳೂ ಒಂದರಲ್ಲೊಂದು ಬೆರೆತು, ಯಾವುದು ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ. ಇಲ್ಲಿ ಬಣ್ಣವನ್ನು ಕೊಟ್ಟದ್ದು ಮನುಷ್ಯರೇ ಎಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು. ಆದರೆ ಯಾವ ಬಣ್ಣ ಎಲ್ಲಿ, ಎಷ್ಟು ಗಾಢವಾಗಿರಬೇಕು ಎಂಬುದನ್ನು ನಿರ್ಧರಿಸಿದ್ದು ಅಲ್ಲಿಂದ ಬಂದ ಬೆಳಕು.

ಜೇಮ್ಸ್ ವೆಬ್ ದೂರದರ್ಶಕ ಹಿಡಿಯುವುದು ಬಹುಪಾಲು ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣಗಳನ್ನು. ನಮ್ಮ ಕಣ್ಣು ಸುಮಾರು 0.7 ಮೈಕ್ರೋಮೀಟರಿನಲ್ಲೇ ನಿಂತುಬಿಡುತ್ತದೆ, ವೆಬ್ 28ರವರೆಗೆ ಹೋಗುತ್ತದೆ. ಆ ಕಿರಣಗಳಲ್ಲಿ ಉದ್ದ ತರಂಗಗಳಿಗೆ ಕೆಂಪು, ಗಿಡ್ಡ ತರಂಗಗಳಿಗೆ ನೀಲಿ ಎಂದು ಕ್ರಮ ತಪ್ಪದೆ ಬಣ್ಣ ಕೊಡುತ್ತಾರೆ. ಶ್ರುತಿ ಏರಿಸಿ ಹಾಡಿದರೂ ರಾಗ ಅದೇ ಉಳಿಯುವ ಹಾಗೆ ಇದು. ನಮ್ಮ ಜಿಲ್ಲೆಯ ಮಕ್ಕಳಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ, ಹಾಸನದ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರದಿಂದ ನಿಯಂತ್ರಿಸುವ ಇನ್ಸಾಟ್ ಉಪಗ್ರಹಗಳ ಮೋಡದ ಚಿತ್ರಗಳನ್ನು ತೋರಿಸಿ. ನಡುರಾತ್ರಿಯಲ್ಲೂ ಅವುಗಳಲ್ಲಿ ಮೋಡ ಕಾಣುವುದು ಅವಕೆಂಪು ಕಿರಣಗಳಿಂದಲೇ, ಅಲ್ಲಿನ ಬಣ್ಣ ಹೇಳುವುದು ಮೋಡದ ತಲೆಯ ಉಷ್ಣತೆಯನ್ನು. ಮುಂಗಾರಿನಲ್ಲಿ ಟಿ.ವಿ.ಯಲ್ಲಿ ಅದನ್ನು ನೋಡಿ ಯಾರೂ ಸುಳ್ಳು ಚಿತ್ರ ಎನ್ನುವುದಿಲ್ಲ.

ನನಗೆ ಬೇಸರ ತರುವುದು ಚಿತ್ರದ ಜೊತೆಗಿದ್ದ ವಿವರಣೆಯನ್ನು ಬಿಟ್ಟು ಚಿತ್ರವನ್ನಷ್ಟೇ ಹಂಚುವ ಅಭ್ಯಾಸ. 1989ರಲ್ಲಿ ವಾಯೇಜರ್ 2 ನೌಕೆ ಕಳಿಸಿದ ನೆಪ್ಚೂನ್ ಚಿತ್ರಗಳಲ್ಲಿ ಮೋಡಗಳು, ಪಟ್ಟೆಗಳು ಎದ್ದು ಕಾಣಲೆಂದು ನೀಲಿಯನ್ನು ಗಾಢವಾಗಿಸಿದ್ದರು, ಹಾಗೆ ಮಾಡಿದ್ದೇವೆಂದು ಆಗಲೇ ತಿಳಿಸಿಯೂ ಇದ್ದರು. ವರ್ಷಗಳು ಕಳೆದಂತೆ ಆ ಮಾತು ಕಳಚಿಹೋಯಿತು, ಕಡುನೀಲಿ ಗ್ರಹ ಮಾತ್ರ ಪುಸ್ತಕಗಳಲ್ಲಿ ಉಳಿಯಿತು. ನಾನೂ ಅನೇಕ ವರ್ಷ ಹಾಗೆಯೇ ಪಾಠ ಮಾಡಿದೆ. 2024ರಲ್ಲಿ ಆಕ್ಸ್‌ಫರ್ಡ್ ವಿಜ್ಞಾನಿಗಳ ನೇತೃತ್ವದ ತಂಡ ಬಣ್ಣವನ್ನು ಸರಿಪಡಿಸಿ ತೋರಿಸಿದಾಗ, ನೆಪ್ಚೂನ್ ಕೂಡ ಯುರೇನಸ್‌ನಂತೆ ತಿಳಿ ಹಸಿರು-ನೀಲಿಯೆಂದೂ ಯುರೇನಸ್‌ಗಿಂತ ತುಸುವೇ ಹೆಚ್ಚು ನೀಲಿಯೆಂದೂ ತಿಳಿಯಿತು.

ಉತ್ತರ 3: ಎಂಜಿನಿಯರಿಂಗ್ ವಿದ್ಯಾರ್ಥಿನಿ, ಚಿಕ್ಕಮಗಳೂರು

ಮೇಡಂ, ಸರ್ ಹೇಳಿದ್ದನ್ನು ತರಗತಿಯಲ್ಲೇ ಮಾಡಿ ತೋರಿಸಬಹುದು. ಕೆಂಪು, ಹಸಿರು, ನೀಲಿ ಜಿಲೇಟಿನ್ ಪೇಪರ್ ತನ್ನಿ. ಒಂದು ತಟ್ಟೆಯಲ್ಲಿ ಕಾಫಿ ಹಣ್ಣು, ಕಾಯಿ ಎರಡನ್ನೂ ಹರಡಿ, ಒಂದೊಂದು ಹಾಳೆಯನ್ನು ಮೊಬೈಲ್ ಕ್ಯಾಮೆರಾದ ಮುಂದೆ ಹಿಡಿದು ಕಪ್ಪು-ಬಿಳುಪಿನಲ್ಲಿ ಚಿತ್ರ ತೆಗೆಯಿರಿ. ಆಮೇಲೆ ಆ ಮೂರನ್ನೂ ಕಂಪ್ಯೂಟರಿನಲ್ಲಿ ಅವವೇ ಬಣ್ಣಗಳ ಪದರಗಳಾಗಿ ಸೇರಿಸಿದರೆ ತಟ್ಟೆ ಮತ್ತೆ ಬಣ್ಣ ತಾಳುತ್ತದೆ. ಮಕ್ಕಳಿಗೆ ಆಸಕ್ತಿ ಹುಟ್ಟಿದರೆ, ಗುರುಗ್ರಹವನ್ನು 2016ರಿಂದ ಸುತ್ತುತ್ತಿರುವ ಜೂನೋ ನೌಕೆಯ ಕ್ಯಾಮೆರಾ ಕಳಿಸಿದ ಮೂಲ ಚಿತ್ರಗಳನ್ನು ನಾಸಾ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದೆ. ನಾನು ಮೊದಲು ಕಲಿತದ್ದು ಅವುಗಳಿಂದಲೇ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಇಂದು ತಟ್ಟೆಯ ಪ್ರಯೋಗ ಮಾಡಿದೆವು. ಕೆಂಪು ಹಾಳೆಯ ಚಿತ್ರದಲ್ಲಿ ಹಣ್ಣುಗಳು ಬಿಳುಪಾಗಿ ಹೊಳೆದವು, ಹಸಿರು ಹಾಳೆಯ ಚಿತ್ರದಲ್ಲಿ ಅವೇ ಹಣ್ಣುಗಳು ಕಪ್ಪಾದವು. ಆ ಹುಡುಗ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿ, “ಎಲ್ಲಿ ಬೆಳ್ಳಗಿದೆಯೋ ಅಲ್ಲಿ ಕೆಂಪು ಬೆಳಕು ಬಂದಿದೆ ಅಂತ ಅರ್ಥ, ಅಲ್ವಾ ಮಿಸ್?” ಎಂದ. ಸೃಷ್ಟಿಯ ಕಂಬಗಳ ಚಿತ್ರವನ್ನು ತರಗತಿಯ ಗೋಡೆಗೆ ಅಂಟಿಸಿದ್ದೇವೆ. ಅದರ ಕೆಳಗೆ ಕೆಂಪು ಗಂಧಕ, ಹಸಿರು ಜಲಜನಕ, ನೀಲಿ ಆಮ್ಲಜನಕ ಎಂದು ಅವನ ಕೈಯಲ್ಲೇ ಬರೆಸಿದ್ದೇನೆ.